ಇಪ್ಪತ್ತೊಂದು ವರ್ಷ ಭತ್ತದ ಮೂಟೆಗಳ ಪಕ್ಕ ನಿಂತಿದ್ದ ಯೆಜ್ಡಿ: ಎಲ್ಲಿಂದ ಕೈ ಹಾಕಲಿ?

ಕಬ್ಬಿನಗದ್ದೆ | ನವೆಂಬರ್ 2

ಪಾಂಡವಪುರ ತಾಲ್ಲೂಕಿನ ನಮ್ಮ ಹಳ್ಳಿಮನೆಯ ಕೊಟ್ಟಿಗೆಯಲ್ಲಿ ಅಪ್ಪನ ಯೆಜ್ಡಿ ಬೈಕು ನಿಂತಿದೆ. 1977ರ ಬಿ ಟೈಪ್, 250 ಸಿಸಿ. ಕಣ್ಣು ಮಂಜಾದ ಮೇಲೆ, 2004ರಲ್ಲಿ, ಅಪ್ಪ ಓಡಿಸುವುದನ್ನು ಬಿಟ್ಟರು. ಆಮೇಲೆ ಹಸುಗಳು ಹೋದವು, ಅವುಗಳ ಜಾಗಕ್ಕೆ ಭತ್ತದ ಮೂಟೆಗಳು ಬಂದವು, ಗಾಡಿ ಮಾತ್ರ ಗೋಣಿಚೀಲ ಹೊದ್ದುಕೊಂಡು ಅಲ್ಲೇ ಉಳಿಯಿತು. ಕಳೆದ ವರ್ಷ ಅಪ್ಪ ತೀರಿಕೊಂಡರು. ಗುಜರಿಯವನು ಎರಡು ಸಲ ಬಂದು ಅಮ್ಮನನ್ನು ಕೇಳಿಹೋಗಿದ್ದಾನೆ. ಎರಡನೆಯ ಸಲ ಅವನಾಗಿಯೇ ಬೆಲೆ ಏರಿಸಿದನಂತೆ. ಅಲ್ಲಿಗೆ ನನಗೆ ಎಚ್ಚರವಾಯಿತು.

ಈಗಿನ ಸ್ಥಿತಿ ಹೀಗಿದೆ. ಎರಡೂ ಟೈರು ಸೀಳಿವೆ. ಟ್ಯಾಂಕನ್ನು ಅಲ್ಲಾಡಿಸಿದರೆ ಒಳಗೆ ಜಲ್ಲಿ ಸುರಿದಂತೆ ಸದ್ದು ಬರುತ್ತದೆ. ಕಿಕ್ಕರ್ ಮೇಲೆ ಎರಡೂ ಕಾಲಿಟ್ಟು ನಿಂತರೂ ಕೆಳಗಿಳಿಯುವುದಿಲ್ಲ, ನನ್ನ ತೂಕ 74 ಕೆ.ಜಿ. ಮೈಸೂರಿನಲ್ಲಿ ಕೆಲಸ, ಊರಿಗೆ ಬರುವುದು ಭಾನುವಾರ ಮಾತ್ರ. ಗಾಡಿ ಮಿಂಚಬೇಕೆಂಬ ಆಸೆ ಇಲ್ಲ, ಓಡಿದರೆ ಸಾಕು. ಮೊದಲು ಏನು ಬಿಚ್ಚಬೇಕು?

ಯಾದವಗಿರಿ ಹಿರಿಯ | ನವೆಂಬರ್ 2

ಮೊದಲು ಕಿಕ್ಕರ್ ಮೇಲಿಂದ ಕೆಳಗಿಳಿಯಿರಿ.

1979ರಿಂದ, ಬಾಗಿಲು ಹಾಕಿದ 1996ರವರೆಗೆ, ಮೈಸೂರು ಯಾದವಗಿರಿಯ ಯೆಜ್ಡಿ ಕಾರ್ಖಾನೆಯ ಜೋಡಣೆ ವಿಭಾಗದಲ್ಲಿದ್ದೆ. ನಿಂತ ಗಾಡಿ ಕೆಟ್ಟಿರುವುದಕ್ಕಿಂತ ಅದನ್ನು ಎಬ್ಬಿಸಲು ಹೋದವರ ಆತುರದಿಂದ ಕೆಟ್ಟದ್ದನ್ನೇ ಹೆಚ್ಚು ನೋಡಿದ್ದೇನೆ. ಪಿಸ್ಟನ್ ರಿಂಗುಗಳು ಬೋರ್‌ಗೆ (ಪಿಸ್ಟನ್ ಓಡಾಡುವ ಕೊಳವೆಗೆ) ತುಕ್ಕಿನಿಂದ ಅಂಟಿಕೊಂಡಿರುವಾಗ ಮೇಲಿಂದ ತುಳಿದರೆ ರಿಂಗ್ ಮುರಿಯುತ್ತದೆ, ಇಲ್ಲವೇ ಕಿಕ್ಕರ್‌ನ ಹಲ್ಲು ಹಾರುತ್ತದೆ. ಆಗ ಇನ್ನೂರು ರೂಪಾಯಿಯ ಕೆಲಸ ಇಪ್ಪತ್ತು ಸಾವಿರಕ್ಕೆ ಹೋಗುತ್ತದೆ.

ಸ್ಪಾರ್ಕ್ ಪ್ಲಗ್ ಬಿಚ್ಚಿ. ಆ ತೂತಿನಿಂದ ಡೀಸೆಲ್ ಮತ್ತು ಎಂಜಿನ್ ಆಯಿಲ್ ಸಮಸಮ ಬೆರೆಸಿ ಅರ್ಧ ಲೋಟ ಹಾಕಿ ಬಿಡಿ. ಎರಡು ಸ್ಟ್ರೋಕಿನ ಎಂಜಿನ್ ಆದ್ದರಿಂದ ಪಿಸ್ಟನ್ ಕೆಳಗೆ ನಿಂತಿದ್ದರೆ ಆ ಎಣ್ಣೆ ಪೋರ್ಟುಗಳಿಂದ (ಬೋರ್ ಗೋಡೆಯ ತೂತುಗಳಿಂದ) ಸೈಲೆನ್ಸರಿಗೆ ಇಳಿದುಹೋಗುತ್ತದೆ. ಹಾಗಾಗಿ ಮೊದಲು ಟಾರ್ಚು ಬಿಟ್ಟು ಪಿಸ್ಟನ್ ಎಲ್ಲಿದೆ ನೋಡಿ. ಮುಂದಿನ ಭಾನುವಾರದವರೆಗೆ ಏನನ್ನೂ ಮುಟ್ಟಬೇಡಿ.

ಮದ್ದೂರು ವಡೆ | ನವೆಂಬರ್ 3

ಟೈರು ಹೋಗಿದೆ, ಟ್ಯಾಂಕ್ ಹೋಗಿದೆ, ಎಂಜಿನ್ ಹಿಡಿದುಕೊಂಡಿದೆ. ಉಳಿದಿರುವುದು ಹಾರನ್ ಒಂದೇ ಅನ್ನಿ. ವಿಂಟೇಜ್ ಎಂದು ನೋಂದಣಿ ಮಾಡಿಸಿ ಪಡಸಾಲೆಯಲ್ಲಿ ನಿಲ್ಲಿಸಿಬಿಡಿ ಅಣ್ಣ, ಬಂದವರು ಕಾಫಿ ಕುಡಿಯುತ್ತಾ ನೋಡಲಿ.

ಕಾಗದಪತ್ರ | ನವೆಂಬರ್ 3

ವಿಂಟೇಜ್ ಆಗುವುದಿಲ್ಲ. 2021ರ ನಿಯಮದ ಪ್ರಕಾರ ಗಾಡಿಗೆ 50 ವರ್ಷ ತುಂಬಿರಬೇಕು, ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ. ಅಷ್ಟು ಕೊಟ್ಟ ಮೇಲೂ ಪ್ರದರ್ಶನ, ರ‍್ಯಾಲಿಯಂಥವುಗಳಿಗೆ ಬಿಟ್ಟರೆ ದಿನನಿತ್ಯ ಓಡಿಸುವಂತಿಲ್ಲ. ಓಡಿಸಬೇಕೆಂದಿರುವವರಿಗೆ ಆ ದಾರಿ ಬೇಡ.

ಕಬ್ಬಿನಗದ್ದೆಯವರೇ, ಆರ್‌ಸಿ ಪುಸ್ತಕ ಸಿಕ್ಕಿದೆಯೇ? ಸ್ಪ್ಯಾನರ್ ಹಿಡಿಯುವುದಕ್ಕೆ ಮುಂಚೆ ಅದನ್ನು ಹುಡುಕಿ.

ಕಬ್ಬಿನಗದ್ದೆ | ನವೆಂಬರ್ 9

ಆರ್‌ಸಿ ಅಪ್ಪನ ಟ್ರಂಕಿನಲ್ಲಿ, ಜಮೀನಿನ ಪಹಣಿಗಳ ಜೊತೆ ಸಿಕ್ಕಿತು. ಕೆಎ ಸರಣಿ ಬರುವುದಕ್ಕೆ ಮುಂಚಿನ ಹಳೆಯ ನಂಬರು. ಅದರೊಳಗೆ ಅಪ್ಪ ಪೆಟ್ರೋಲ್ ಹಾಕಿಸಿದ ಲೆಕ್ಕ ಬರೆದ ಚೀಟಿಯೂ ಇತ್ತು.

ಎಂಜಿನ್ ಇನ್ನೂ ಅಲ್ಲಾಡಿಲ್ಲ. ಆದರೆ ಏರ್ ಫಿಲ್ಟರಿನ ಡಬ್ಬಿ ತೆರೆದೆ. ಒಳಗೆ ಇಲಿಯ ಸಂಸಾರ: ಗೋಣಿನಾರು, ಭತ್ತದ ಹೊಟ್ಟು, ಹಳೆಯ ವಿದ್ಯುತ್ ಬಿಲ್ಲಿನ ಚೂರುಗಳು, ಎಲ್ಲವನ್ನೂ ಗುಂಡಗೆ ಸುತ್ತಿ ಗೂಡು ಮಾಡಿತ್ತು. ಬಿಲ್ಲಿನ ಮೇಲಿನ ಮೊತ್ತ ಇನ್ನೂ ಓದುವಂತಿತ್ತು, ನೂರಾ ಹನ್ನೆರಡು ರೂಪಾಯಿ. ಆ ಕಾಲವೇ ಚೆನ್ನಾಗಿತ್ತು. ಎಡಗಡೆ ಸೈಲೆನ್ಸರ್ ಬಗ್ಗಿಸಿದರೆ ಒಂದು ಸೇರಿನಷ್ಟು ಭತ್ತ ಸುರಿಯಿತು, ಬಲಗಡೆಯದರ ಬಾಯಿಗೆ ಕಣಜದ ಹುಳು ಮಣ್ಣು ಮೆತ್ತಿತ್ತು. ಇದನ್ನು ನೋಡದೆ ಸ್ಟಾರ್ಟ್ ಮಾಡಿದ್ದರೆ?

ಯಾದವಗಿರಿ ಹಿರಿಯ | ನವೆಂಬರ್ 9

ಹೊಗೆ ಹೊರಗೆ ಹೋಗದ ಎಂಜಿನ್ ಸ್ಟಾರ್ಟೇ ಆಗುತ್ತಿರಲಿಲ್ಲ. ಭತ್ತ ಹಿಂದಿನಿಂದ ಬಂದಿದೆ, ಬೋರ್‌ವರೆಗೆ ಹೋಗಿಲ್ಲ ಎಂದು ಭಾವಿಸೋಣ. ಏರ್ ಫಿಲ್ಟರಿನ ಕಡೆಯಿಂದ ಹೊಟ್ಟು ಒಳಗೆ ಹೋಗಿದ್ದರೆ ಅದು ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲಿರುತ್ತದೆ. ಕಾರ್ಬುರೇಟರ್ ಕಳಚಿ, ಇನ್‌ಲೆಟ್ ಬಾಯಿಗೆ ಬಟ್ಟೆ ತುರುಕಿ ಇಡಿ.

ಎಂಜಿನ್ ತಿರುಗಿಸಲು ಕಿಕ್ಕರ್ ಬೇಡ ಎಂದೆನಲ್ಲ. ಬಲಗಡೆಯ ಕವರ್ ತೆಗೆದರೆ ಡೈನಮೋ ಕಾಣುತ್ತದೆ. ಅದರ ನಡುವಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಬಿಗಿಯುವ ದಿಕ್ಕಿನಲ್ಲಿ ಮೆಲ್ಲಗೆ ಒತ್ತಿ. ಎರಡು ಬೆರಳಿನ ಬಲ ಸಾಕು. ಬರದಿದ್ದರೆ ಎಣ್ಣೆ ಹಾಕಿ ಇನ್ನೊಂದು ವಾರ ಕಾಯಿರಿ.

ಸ್ಕೂಟರಮ್ಮ | ನವೆಂಬರ್ 10

ನಾನು ಸರಸ್ವತಿಪುರಂನಲ್ಲಿ ಮಾವನವರ ಚೇತಕ್ ಸ್ಕೂಟರ್ ಎಬ್ಬಿಸಿದವಳು, ಜಾವಾ ಯೆಜ್ಡಿ ಗೊತ್ತಿಲ್ಲ. ಆದರೆ ಟ್ಯಾಂಕಿನ ತುಕ್ಕು ಎಲ್ಲ ಗಾಡಿಗೂ ಒಂದೇ. ಟ್ಯಾಂಕಿನ ತಳದ ಪೆಟ್ರೋಲ್ ಕಾಕ್ (ನಲ್ಲಿ) ಬಿಚ್ಚಿ, ಆ ತೂತಿಗೆ ಬಿರಡೆ ಹಾಕಿ, ಗಟ್ಟಿಯಾಗಿ ಹಿಂಡಿದ ಹುಣಸೆಹುಳಿ ತುಂಬಿ ಎರಡು ದಿನ ಬಿಡಿ. ಹಿತ್ತಾಳೆ ಚೊಂಬಿಗೆ ಮಾಡುವ ಕೆಲಸವನ್ನೇ ಅದು ಕಬ್ಬಿಣಕ್ಕೂ ಮಾಡುತ್ತದೆ. ಒಳಗೆ ಕೆರೆಯಲು ನಟ್ಟುಗಳನ್ನು ಹಾಕಿ ಕುಲುಕಬೇಕು. ಆಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ಬಿಸಿಲಿಗಿಟ್ಟು, ಒಣಗಿದ ತಕ್ಷಣ ಟೂಟಿ ಆಯಿಲ್ (ಎರಡು ಸ್ಟ್ರೋಕಿನ ಗಾಡಿಗೆ ಪೆಟ್ರೋಲಿನಲ್ಲಿ ಬೆರೆಸುವ ಎಣ್ಣೆ) ಸುತ್ತಾಡಿಸಿ. ತಡಮಾಡಿದರೆ ಸಂಜೆಯೊಳಗೆ ಹೊಸ ತುಕ್ಕು ಬಂದಿರುತ್ತದೆ.

ನಟ್ಟುಗಳನ್ನು ಎಣಿಸಿ ಹಾಕಿ. ನಾನು ಇಪ್ಪತ್ತು ಹಾಕಿ ಹತ್ತೊಂಬತ್ತು ತೆಗೆದೆ. ಇಪ್ಪತ್ತನೆಯದು ಇಂದಿಗೂ ತಿರುವಿನಲ್ಲಿ ಮಾತಾಡುತ್ತದೆ.

ಹನ್ನೆರಡು ವೋಲ್ಟ್ | ನವೆಂಬರ್ 11

ಟ್ಯಾಂಕು, ಸೈಲೆನ್ಸರ್ ಎಲ್ಲ ಸರಿ. ಆದರೆ ಆ 6 ವೋಲ್ಟ್ ಡೈನಮೋ, ಪ್ಲಗ್ಗಿಗೆ ಕಿಡಿ ಕೊಡುವ ಪಾಯಿಂಟ್, ಕಂಡೆನ್ಸರ್ ಇಟ್ಟುಕೊಂಡು ಏನು ಮಾಡುತ್ತೀರಿ? ಬ್ಯಾಟರಿ ಇಳಿದರೆ ಕಿಡಿಯೇ ಇಲ್ಲ, ಹೆಡ್‌ಲೈಟ್ ಹಾಕಿದರೆ ದೀಪಾವಳಿಯ ಹಣತೆಯಷ್ಟು ಬೆಳಕು. 12 ವೋಲ್ಟಿನ ಎಲೆಕ್ಟ್ರಾನಿಕ್ ಕಿಟ್ ಹಾಕಿಸಿ, ನೆಮ್ಮದಿಯಾಗಿರಿ. ನನ್ನ ಗಾಡಿಗೆ ಹಾಕಿಸಿ ಆರು ವರ್ಷವಾಯಿತು, ಪಾಯಿಂಟ್ ಎಂಬ ಪದವನ್ನೇ ಮರೆತಿದ್ದೇನೆ.

ಯಾದವಗಿರಿ ಹಿರಿಯ | ನವೆಂಬರ್ 11

ಪಾಯಿಂಟ್ ಕೆಟ್ಟರೆ ರಸ್ತೆಬದಿಯಲ್ಲಿ ಕೂತು ಉಪ್ಪುಕಾಗದದ ಚೂರಿನಲ್ಲಿ ಉಜ್ಜಿ ಮನೆಗೆ ಬರಬಹುದು. ನಿಮ್ಮ ಕಿಟ್ ಕೆಟ್ಟರೆ ಟೆಂಪೊ ಕರೆಸಬೇಕು.

ಹನ್ನೆರಡು ವೋಲ್ಟ್ | ನವೆಂಬರ್ 11

ಆರು ವರ್ಷದಲ್ಲಿ ಟೆಂಪೊ ಕರೆಸಿಲ್ಲ ಸರ್.

ಸ್ಕೂಟರಮ್ಮ | ನವೆಂಬರ್ 12

ಈ ಜಗಳ ಪ್ರತಿ ಚರ್ಚೆಯಲ್ಲೂ ಬರುತ್ತದೆ, ಇಬ್ಬರೂ ಗೆಲ್ಲುವುದಿಲ್ಲ. ಎಂಜಿನ್ ಮೊದಲು ತಿರುಗಲಿ.

ಕಬ್ಬಿನಗದ್ದೆ | ನವೆಂಬರ್ 16

ತಿರುಗಿತು! ಬೆಳಿಗ್ಗೆ ಒತ್ತಿದಾಗ ಏನೂ ಇಲ್ಲ. ತಿಂಡಿ ತಿಂದು ಬಂದು ಒತ್ತಿದೆ, ಒಣಗಿದ ಬಾಗಿಲು ಬಿಟ್ಟುಕೊಟ್ಟಂತೆ ಕಿರ್ ಎಂದು ಒಂದು ನೂಲೆಳೆಯಷ್ಟು ಸರಿಯಿತು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಎಣ್ಣೆ, ಮತ್ತೆ ಹಿಂದಕ್ಕೆ. ಮಧ್ಯಾಹ್ನದ ಹೊತ್ತಿಗೆ ಪೂರ್ತಿ ಸುತ್ತು ಬಂತು. ಪ್ಲಗ್ ತೂತಿನಿಂದ ಕಾಫಿ ಕಷಾಯದ ಬಣ್ಣದ ಎಣ್ಣೆ ಉಗುಳಿತು, ನನ್ನ ಅಂಗಿ ಹೋಯಿತು.

ಒಳಗೆ ಹೊಟ್ಟು ಹೋಗಿರಬಹುದೆಂದು ಹಿರಿಯರು ಹೇಳಿದ್ದರಿಂದ ಹೆಡ್ ಮತ್ತು ಬೋರ್ ಕಳಚಿದೆ. ಬೋರ್‌ನ ಒಂದು ಬದಿಯಲ್ಲಿ ಉಗುರು ತಾಗುವಷ್ಟು ತುಕ್ಕಿನ ಗೆರೆ ಇದೆ. ಕನೆಕ್ಟಿಂಗ್ ರಾಡ್ ಹಿಡಿದು ಮೇಲೆ ಕೆಳಗೆ ಎಳೆದರೆ ಆಟವಿಲ್ಲ, ಪಕ್ಕಕ್ಕೆ ಮಾತ್ರ ಸ್ವಲ್ಪ ಅಲ್ಲಾಡುತ್ತದೆ. ಕ್ರ್ಯಾಂಕ್ ಕೋಣೆಯೊಳಗೆ ಭತ್ತವಿಲ್ಲ.

ಯಾದವಗಿರಿ ಹಿರಿಯ | ನವೆಂಬರ್ 16

ಪಕ್ಕದ ಆಟ ಇರಲೇಬೇಕು, ಮೇಲೆ ಕೆಳಗಿನ ಆಟ ಇರಬಾರದು. ಅದೃಷ್ಟವಂತರು. ಆ ಆಟ ಇದ್ದಿದ್ದರೆ ಕ್ರ್ಯಾಂಕ್ ಹೊರತೆಗೆದು ಹೊಸ ರಾಡ್, ಬೇರಿಂಗ್ ಕೂರಿಸಲು ಲೇತಿನವರ ಬಳಿ ಹೋಗಬೇಕಿತ್ತು.

ಉಗುರು ತಾಗಿದರೆ ಬೋರ್ ಕೊರೆಸಲೇಬೇಕು. ಬೋರ್‌ನ ಮೂಲ ಅಳತೆ 65 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 75. ಲೇತಿಗೆ ಹೋಗುವ ಮುಂಚೆ ಪಿಸ್ಟನ್ ಕೊಂಡುಕೊಳ್ಳಿ, ಪಿಸ್ಟನ್ ಅಳೆದು ಬೋರ್ ಕೊರೆಯಬೇಕೇ ಹೊರತು ಬೋರ್ ಕೊರೆದು ಪಿಸ್ಟನ್ ಹುಡುಕಬಾರದು. ಹಳೆಯ ಪಿಸ್ಟನ್ನಿನ ತಲೆಯ ಮೇಲೆ ಅಳತೆ ಕೊರೆದಿರುತ್ತದೆ, ಮಸಿ ಒರೆಸಿ ನೋಡಿ. ಈಗಾಗಲೇ ಒಂದೆರಡು ಸಲ ಕೊರೆಸಿದ್ದಿರಬಹುದು.

ಕಾರ್ಬುರೇಟರ್ ನಿಮ್ಮದು ಜೀಕಾವ್ ಕಂಪನಿಯದು. ಅದರ ಹಿತ್ತಾಳೆ ಫ್ಲೋಟನ್ನು (ಪೆಟ್ರೋಲಿನಲ್ಲಿ ತೇಲುವ ಡಬ್ಬಿಯನ್ನು) ಕಿವಿಯ ಹತ್ತಿರ ಅಲ್ಲಾಡಿಸಿ. ಒಳಗೆ ದ್ರವದ ಸದ್ದು ಬಂದರೆ ತೂತಾಗಿದೆ ಎಂದರ್ಥ. ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬರುವ ಜಾಗದಲ್ಲಿ ತೂತು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟಿಗೆ ಸೂಜಿ ಹಾಕಬೇಡಿ, ತೂತು ಅಗಲವಾದರೆ ಲೆಕ್ಕ ತಪ್ಪುತ್ತದೆ. ಪೊರಕೆಯ ಕಡ್ಡಿ ಸಾಕು.

ಕಬ್ಬಿನಗದ್ದೆ | ನವೆಂಬರ್ 23

ಪಿಸ್ಟನ್ ತಲೆಯ ಮೇಲೆ, ಮೂಲ ಅಳತೆಗಿಂತ ಅರ್ಧ ಮಿ.ಮೀ. ದೊಡ್ಡದು ಎಂದು ಕೊರೆದಿತ್ತು. ಅದಕ್ಕಿಂತ ಕಾಲು ಮಿ.ಮೀ. ದೊಡ್ಡದು ತಂದು ಮೈಸೂರಿನಲ್ಲಿಯೇ ಬೋರ್ ಕೊರೆಸಿದೆ. ಫ್ಲೋಟ್ ಬಿಸಿನೀರಿಗೆ ಹಾಕಿದರೆ ಅಂಚಿನಲ್ಲಿ ಸಾಸಿವೆಯಂಥ ಗುಳ್ಳೆ ಸಾಲು ಬಂತು. ಪಾತ್ರೆ ಕಲಾಯಿ ಹಾಕುವವರೊಬ್ಬರು ಬೆಸುಗೆ ಹಾಕಿಕೊಟ್ಟರು, ದುಡ್ಡು ಎಷ್ಟೆಂದು ನಾನು ಕೇಳಿದ್ದಕ್ಕೆ ನಕ್ಕರು.

ಸೈಲೆನ್ಸರಿನ ಒಳಗಿನ ಕೊಳವೆಯಲ್ಲಿ ಮಸಿ ಗಟ್ಟಿಯಾಗಿ ಕೂತಿತ್ತು. ಕಬ್ಬು ಅರೆಯುವ ಕಾಲ, ಪಕ್ಕದವರ ಆಲೆಮನೆ ಉರಿಯುತ್ತಿತ್ತು. ಎರಡು ಕೊಳವೆಗಳನ್ನು ಒಲೆಯ ಬಾಯಿಗೆ ತೂರಿಸಿದೆ. ಕೆಂಪಗೆ ಕಾದು ಮಸಿಯೆಲ್ಲ ಉದುರಿತು. ಬೆಲ್ಲ ತಿರುವುತ್ತಿದ್ದ ಚಿಕ್ಕಪ್ಪ ಮಾತ್ರ, ‘ಈ ಸಲದ ಅಚ್ಚಿಗೆ ನಿಮ್ಮಪ್ಪನ ಗಾಡಿಯ ವಾಸನೆ ಬಂದರೆ ಅಷ್ಟನ್ನೂ ನೀನೇ ಕೊಳ್ಳಬೇಕು’ ಎಂದರು.

ಹನ್ನೆರಡು ವೋಲ್ಟ್ | ನವೆಂಬರ್ 23

ಒಳಗಿನ ಕೊಳವೆ ಮಾತ್ರ ತಾನೇ? ಸೈಲೆನ್ಸರನ್ನೇ ಹಾಕಿದ್ದರೆ ಕ್ರೋಮ್ ನವಿಲಿನ ಬಣ್ಣಕ್ಕೆ ತಿರುಗುತ್ತಿತ್ತು.

ಸ್ಕೂಟರಮ್ಮ | ನವೆಂಬರ್ 24

ಟ್ಯಾಂಕ್ ಏನಾಯಿತು?

ಕಬ್ಬಿನಗದ್ದೆ | ನವೆಂಬರ್ 24

ನಟ್ಟು ಹದಿನೈದು ಹಾಕಿ ಹದಿನೈದೂ ತೆಗೆದೆ ಅಕ್ಕ. ಆದರೆ ತುಕ್ಕು ಹೋದ ಮೇಲೆ ತಳದಲ್ಲಿ ಎರಡು ಸೂಜಿತೂತು ಕಾಣಿಸಿಕೊಂಡವು. ಇಷ್ಟು ದಿನ ತುಕ್ಕೇ ಅದನ್ನು ಮುಚ್ಚಿಕೊಂಡಿತ್ತು. ನಾಳೆ ಗ್ಯಾಸ್ ಬೆಸುಗೆಗೆ ಕೊಡುತ್ತೇನೆ.

ಯಾದವಗಿರಿ ಹಿರಿಯ | ನವೆಂಬರ್ 24

ನಿಲ್ಲಿ. ಪೆಟ್ರೋಲ್ ಕಂಡ ಟ್ಯಾಂಕ್ ಇಪ್ಪತ್ತು ವರ್ಷ ಖಾಲಿ ಇದ್ದರೂ ಒಳಗೆ ಆವಿ ಉಳಿದಿರಬಹುದು. ಹಾಗೇ ಬೆಂಕಿ ಹಿಡಿದರೆ ಸಿಡಿಯುತ್ತದೆ. ಚೆನ್ನಾಗಿ ತೊಳೆದು, ಬೆಸೆಯುವ ಜಾಗ ಮಾತ್ರ ಮೇಲೆ ಉಳಿಯುವಂತೆ ನೀರು ತುಂಬಿಸಿ, ಮುಚ್ಚಳ ತೆಗೆದು ಬೆಸೆಯಬೇಕು. ಬೆಸುಗೆಯವರು ‘ಪರವಾಗಿಲ್ಲ ಸ್ವಾಮಿ, ದಿನಾ ಮಾಡುತ್ತೇವೆ’ ಎಂದರೆ ಟ್ಯಾಂಕನ್ನು ಎತ್ತಿಕೊಂಡು ಬನ್ನಿ.

ಮದ್ದೂರು ವಡೆ | ನವೆಂಬರ್ 25

ಟ್ಯಾಂಕ್ ಸರಿಯಾದ ಮೇಲೆ ಯಾವ ಪೆಟ್ರೋಲ್ ಹಾಕುತ್ತೀರಿ? ಈಗ ಬಂಕಿನಲ್ಲಿ ಬರುವುದರಲ್ಲಿ ಶೇ 20ರಷ್ಟು ಎಥೆನಾಲ್. ನಿಮ್ಮ ಗದ್ದೆಯ ಕಬ್ಬೇ ಸುತ್ತಿ ಬಳಸಿ ನಿಮ್ಮ ಟ್ಯಾಂಕಿಗೆ ಬರುತ್ತದೆ, ಇದಕ್ಕಿಂತ ಪುಣ್ಯ ಬೇಕೇ?

ಹನ್ನೆರಡು ವೋಲ್ಟ್ | ನವೆಂಬರ್ 25

ತಮಾಷೆ ಹೌದು, ಆದರೆ ಎಥೆನಾಲ್ ಗಾಳಿಯ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದರೆ ನೀರು ತಳಕ್ಕಿಳಿದು ನಿಮ್ಮ ಹೊಸ ಬೆಸುಗೆಯನ್ನೇ ತಿನ್ನುತ್ತದೆ. ಹಳೆಯ ರಬ್ಬರ್ ಪೈಪು, ಕಾಕ್‌ನ ಬಿರಡೆ ಉಬ್ಬುತ್ತವೆ. ಎಥೆನಾಲ್ ತಡೆಯುವ ಪೈಪು ಹಾಕಿ. ಮನೆಗೆ ಬರುವ ಒಂದು ಕಿಲೋಮೀಟರ್ ಮುಂಚೆ ಕಾಕ್ ಮುಚ್ಚಿ, ಕಾರ್ಬುರೇಟರ್ ಒಣಗುವಂತೆ ಓಡಿಸಿ ನಿಲ್ಲಿಸಿ. ಟೂಟಿ ಆಯಿಲ್ ಲೀಟರಿಗೆ 40 ಮಿ.ಲೀ. ಹಾಕಿ, ಹೊಸ ಪಿಸ್ಟನ್ ಹೊಂದಿಕೊಳ್ಳುವವರೆಗೆ 50 ಇರಲಿ.

ಕಬ್ಬಿನಗದ್ದೆ | ನವೆಂಬರ್ 30

ಟೈರು 3.25-16 ಎರಡೂ ಹೊಸದು. ಬ್ರೇಕ್, ಕೇಬಲ್, ಚಕ್ರದ ಬೇರಿಂಗಿಗೆ ಗ್ರೀಸ್ ಎಲ್ಲ ಆಯಿತು, ಅದರಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಪಾಯಿಂಟ್ ಉಜ್ಜಿ ಸಂದು 0.4 ಮಿ.ಮೀ. ಇಟ್ಟೆ. ಹೊಸ 6 ವೋಲ್ಟ್ ಬ್ಯಾಟರಿ ಕೂರಿಸಿದೆ (ಹನ್ನೆರಡು ವೋಲ್ಟಿನವರು ಕ್ಷಮಿಸಬೇಕು). ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಕತ್ತಲಲ್ಲಿ ನೋಡಿದರೆ ನೀಲಿ ಕಿಡಿ.

ಸಂಜೆ ಐದಕ್ಕೆ ಕಾಕ್ ತೆರೆದು, ಕಾರ್ಬುರೇಟರಿನ ಗುಂಡಿ ಒತ್ತಿ ಪೆಟ್ರೋಲ್ ಜಿನುಗುವವರೆಗೆ ಹಿಡಿದೆ. ಗೇರ್ ಲಿವರನ್ನು ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಅದೇ ಕಿಕ್ಕರ್ ಆಗುವುದನ್ನು ನೋಡಿ ನನ್ನ ಮಗಳಿಗೆ ಬೆರಗು. ಆರನೆಯ ಒದೆತಕ್ಕೆ ಹತ್ತಿಕೊಂಡಿತು. ಆದರೆ ಸಂತೋಷ ಅರ್ಧ ನಿಮಿಷವೂ ಇರಲಿಲ್ಲ. ಆಕ್ಸಿಲರೇಟರ್ ಪೂರ್ತಿ ಬಿಟ್ಟರೂ ಸದ್ದು ಏರುತ್ತಲೇ ಹೋಯಿತು. ಗಾಬರಿಯಿಂದ ಕೀಲಿ ಕಿತ್ತೆ. ಎರಡನೆಯ ಸಲವೂ ಅದೇ. ಜೊತೆಗೆ ಬಿಳಿ ಹೊಗೆ ಎಷ್ಟೆಂದರೆ, ರಸ್ತೆಯಾಚೆಯವರು ಕೊಟ್ಟಿಗೆಗೆ ಬೆಂಕಿ ಬಿದ್ದಿದೆ ಎಂದು ಕೊಡ ಹಿಡಿದುಕೊಂಡು ಬಂದರು.

ಯಾದವಗಿರಿ ಹಿರಿಯ | ನವೆಂಬರ್ 30

ಗೇರ್ ಆಯಿಲ್ ಅಳೆದು ನೋಡಿ. ಇಳಿದಿದೆಯೇ?

ಕಬ್ಬಿನಗದ್ದೆ | ನವೆಂಬರ್ 30

ಬೆಳಿಗ್ಗೆ ಒಂದು ಲೀಟರ್ ಹಾಕಿದ್ದೆ. ಈಗ ಬಸಿದರೆ ಮುಕ್ಕಾಲು ಲೀಟರೂ ಇಲ್ಲ!

ಯಾದವಗಿರಿ ಹಿರಿಯ | ನವೆಂಬರ್ 30

ಸಿಕ್ಕಿತು. ಕ್ರ್ಯಾಂಕಿನ ಎರಡು ತುದಿಗೂ ಆಯಿಲ್ ಸೀಲ್ (ಎಣ್ಣೆ, ಗಾಳಿ ದಾಟದಂತೆ ತಡೆಯುವ ರಬ್ಬರ್ ಬಳೆ) ಇರುತ್ತದೆ. ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ರ್ಯಾಂಕ್ ಕೋಣೆಯೇ ಪೆಟ್ರೋಲನ್ನು ಒಳಗೆಳೆದು ಮೇಲಕ್ಕೆ ತಳ್ಳುವ ಪಂಪು. ಇಪ್ಪತ್ತು ವರ್ಷ ನಿಂತು ಸೀಲಿನ ತುಟಿ ಒಣಗಿದರೆ ಆ ಪಂಪು ಸೋರುತ್ತದೆ. ಎಡಗಡೆಯದು ಹೋದರೆ ಗೇರ್ ಬಾಕ್ಸಿನ ಎಣ್ಣೆಯನ್ನು ಕುಡಿದು ಬಿಳಿ ಹೊಗೆ ಬಿಡುತ್ತದೆ. ಬಲಗಡೆ ಡೈನಮೋ ಹಿಂದಿನದು ಹೋದರೆ ಬರೀ ಗಾಳಿ ಎಳೆಯುತ್ತದೆ, ಪೆಟ್ರೋಲ್ ಕಡಿಮೆಯಾಗಿ ಎಂಜಿನ್ ತಾನೇ ಏರುತ್ತದೆ, ಹೊಸ ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ನಿಮ್ಮದರಲ್ಲಿ ಎರಡೂ ಹೋಗಿವೆ. ಬೋರ್ ಕೊರೆಸುವಾಗಲೇ ನಾನು ಹೇಳಬೇಕಿತ್ತು, ತಪ್ಪು ನನ್ನದು. ಇನ್ನೊಂದು ಸಲ ಸ್ಟಾರ್ಟ್ ಮಾಡಬೇಡಿ.

ಎಡಗಡೆಯದಕ್ಕೆ ಕ್ಲಚ್, ಪ್ರೈಮರಿ ಚೈನ್ ಬಿಚ್ಚಬೇಕು. ಕ್ರ್ಯಾಂಕಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಕಳಚಲು, ಅದನ್ನು ಎಳೆದು ತೆಗೆಯುವ ಪುಲ್ಲರ್ ಬೇಕೇ ಬೇಕು. ಸುತ್ತಿಗೆ ಮುಟ್ಟಿದಿರೆಂದು ತಿಳಿದರೆ ನಾನು ಈ ಕಡೆ ತಲೆ ಹಾಕುವುದಿಲ್ಲ. ಹೇಗೂ ಬಿಚ್ಚುತ್ತೀರಿ, ಕ್ಲಚ್ಚಿನ ಕಾರ್ಕ್ ಪ್ಲೇಟುಗಳು ಒಂದಕ್ಕೊಂದು ಅಂಟಿದ್ದರೆ ಬಿಡಿಸಿ ಎಣ್ಣೆಯಲ್ಲಿ ನೆನೆಸಿಡಿ.

ಕಬ್ಬಿನಗದ್ದೆ | ಡಿಸೆಂಬರ್ 7

ಪುಲ್ಲರನ್ನು ಬಾಡಿಗೆಗೆ ತಂದೆ, ಸುತ್ತಿಗೆಯನ್ನು ಅಮ್ಮನ ಕೈಗೆ ಕೊಟ್ಟು ಒಳಗಿಡಿಸಿದೆ. ಹಳೆಯ ಸೀಲ್ ಕೈಗೆ ಬಂದಾಗ ಹಪ್ಪಳದಂತೆ ಮುರಿಯಿತು. ಒಂದು ಅಂಗಡಿಯಲ್ಲಿ ‘ಯೆಜ್ಡಿ ಸೀಲ್’ ಎಂದು ಕೇಳಿದ್ದಕ್ಕೆ ಕೊಟ್ಟದ್ದು ಪೊಟ್ಟಣದಲ್ಲೇ ಬಿರುಸಾಗಿತ್ತು, ಎಷ್ಟು ವರ್ಷದ ದಾಸ್ತಾನೋ. ಆಮೇಲೆ ಹಳೆಯದರ ಮೇಲೆ ಕೊರೆದಿದ್ದ ಒಳವ್ಯಾಸ, ಹೊರವ್ಯಾಸ, ದಪ್ಪ ಮೂರನ್ನೂ ಬರೆದುಕೊಂಡು ಬೇರಿಂಗ್ ಅಂಗಡಿಗೆ ಹೋದೆ. ಗಾಡಿಯ ಹೆಸರನ್ನೇ ಹೇಳದೆ ಹೊಸ ಮಾಲು ಸಿಕ್ಕಿತು.

ಕಾಗದಪತ್ರ | ಡಿಸೆಂಬರ್ 8

ಸೀಲ್ ಕೂರಿಸುವ ಹೊತ್ತಿಗೆ ಕಾಗದವೂ ನಡೆಯಲಿ. ಮಾಲೀಕರು ತೀರಿಕೊಂಡಿದ್ದರಿಂದ ವರ್ಗಾವಣೆಗೆ ನಮೂನೆ 31, ಮಾರಾಟಕ್ಕೆ ಬಳಸುವ 30 ಅಲ್ಲ. ಮರಣ ಪ್ರಮಾಣಪತ್ರ, ವಂಶವೃಕ್ಷ, ತಾಯಿ ಮತ್ತು ಒಡಹುಟ್ಟಿದವರ ಒಪ್ಪಿಗೆ ಬೇಕಾಗುತ್ತದೆ. ನೋಂದಣಿ ನವೀಕರಣಕ್ಕೆ ನಮೂನೆ 25, ಮಾಡಿಸಿದರೆ ಐದು ವರ್ಷ. ಹಳೆಯ ಪುಸ್ತಕದ ನಂಬರು ಸರ್ಕಾರದ ವಾಹನ್ ಜಾಲತಾಣದಲ್ಲಿ ಇಲ್ಲದಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಅದನ್ನು ಸೇರಿಸಬೇಕು, ಅದಕ್ಕೇ ಹೆಚ್ಚು ಓಡಾಟ. ತಪಾಸಣೆಗೆ ಗಾಡಿಯನ್ನು ಟೆಂಪೊದಲ್ಲಿ ಒಯ್ಯಿರಿ, ವಿಮೆ ಇಲ್ಲದೆ ರಸ್ತೆಗೆ ತರಬೇಡಿ. ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದಿಟ್ಟುಕೊಳ್ಳಿ. ಆ ಜಾಗಕ್ಕೆ ಬಣ್ಣ ಬಳಿಸಿ ಅಂಕಿ ಮುಚ್ಚಿಹೋದವರ ಪಾಡು ನೋಡಿದ್ದೇನೆ.

ಕಬ್ಬಿನಗದ್ದೆ | ಜನವರಿ 18

ತಡವಾಗಿ ಬರೆಯುತ್ತಿದ್ದೇನೆ. ವಂಶವೃಕ್ಷಕ್ಕೇ ಮೂರು ವಾರ ಹಿಡಿಯಿತು. ಈಗ ಆರ್‌ಸಿ ಅಮ್ಮನ ಹೆಸರಿನಲ್ಲಿದೆ, ವಿಮೆಯೂ ಆಗಿದೆ, ಹೊಗೆ ತಪಾಸಣೆಯಲ್ಲೂ ಪಾರಾದೆ.

ಇವತ್ತು ಬೆಳಿಗ್ಗೆ ಎರಡನೆಯ ಒದೆತಕ್ಕೆ ಹತ್ತಿತು. ಆಕ್ಸಿಲರೇಟರ್ ಬಿಟ್ಟರೆ ಸದ್ದು ಇಳಿದು, ನಿಧಾನವಾಗಿ ‘ಟಪ್ ಟಪ್’ ಎಂದು ಒಂದೇ ಹದದಲ್ಲಿ ಓಡುತ್ತಿತ್ತು. ಹೊಗೆ ಮೊದಲ ಎರಡು ನಿಮಿಷ ಮಾತ್ರ. ವಿಶ್ವೇಶ್ವರಯ್ಯ ನಾಲೆಯ ಸೇತುವೆಯವರೆಗೆ ಹೋಗಿ ಬಂದೆ. ಕ್ಲಚ್ ಹಿಡಿಯದೆ ಗೇರ್ ಒತ್ತಿದರೂ ಬದಲಾಗುತ್ತದೆ, ಅಪ್ಪ ಒಂದು ಕೈಯಲ್ಲಿ ಹಾಲಿನ ಕ್ಯಾನು ಹಿಡಿದು ಓಡಿಸುತ್ತಿದ್ದುದು ಹೇಗೆಂದು ಈಗ ಗೊತ್ತಾಯಿತು. ಹೋಟೆಲಿನ ಮುಂದೆ ಕೂತಿದ್ದ ಇಬ್ಬರು ನನ್ನನ್ನು ನೋಡದೆ, ಸದ್ದು ಕೇಳಿಯೇ ಅಪ್ಪನ ಹೆಸರು ಹೇಳಿದರು. ಗುಜರಿಯವನೂ ಎದುರಾದ, ಇನ್ನೊಮ್ಮೆ ಬೆಲೆ ಏರಿಸಿದ.

ಒಂದು ತೊಂದರೆ ಉಳಿದಿದೆ. ಚಾರ್ಜಿನ ಕೆಂಪು ದೀಪ ಎಷ್ಟು ವೇಗ ಹೋದರೂ ಆರುವುದಿಲ್ಲ.

ಹನ್ನೆರಡು ವೋಲ್ಟ್ | ಜನವರಿ 18

ನಾನೇನೂ ಹೇಳುವುದಿಲ್ಲ.

ಯಾದವಗಿರಿ ಹಿರಿಯ | ಜನವರಿ 18

ಅವರು ಹೇಳದಿರುವುದೇ ಒಳ್ಳೆಯದು. ಡೈನಮೋದ ಕಾರ್ಬನ್ ಬ್ರಷ್ ಎರಡನ್ನೂ ಹೊರತೆಗೆದು, ಸವೆದ ತುದಿ ಕಾಣುವಂತೆ ಫೋಟೊ ಹಾಕಿ. ಮುಂದಿನ ಭಾನುವಾರ ಊರಿನಲ್ಲಿದ್ದರೆ ಹೇಳಿ, ನನ್ನ ಬಳಿ ಕಾರ್ಖಾನೆಯ ಕಾಲದ ಒಂದು ಜೊತೆ ಉಳಿದಿದೆ, ಬಸ್ಸಿನಲ್ಲಿ ಬರುತ್ತೇನೆ. ಚಿಕ್ಕಪ್ಪನವರ ಆಲೆಮನೆಯ ಬೆಲ್ಲ ಒಂದು ಅಚ್ಚು ಎತ್ತಿಡಿ, ವಾಸನೆ ಬಂದಿದೆಯೋ ಇಲ್ಲವೋ ನಾನು ನೋಡುತ್ತೇನೆ.